ಘಟ್ಟದ ಕಾಡಿಗೆ ಎಂಥ ಜಿಪಿಎಸ್ ಕೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಒಂದೆರಡು ಸಲ, ಜನ ಓಡಾಡುವ ದಾರಿಯಲ್ಲೇ ಬೆಳಗ್ಗೆ ಹತ್ತಿ ಸಂಜೆ ಇಳಿಯುವವರಾದರೆ ಕೈಯಲ್ಲಿ ಹಿಡಿಯುವ ಜಿಪಿಎಸ್ ನಿಮಗೆ ಬೇಕಿಲ್ಲ, ಫೋನ್ ಸಾಕು. ಜಿಪಿಎಸ್‌ಗೆ ಮೊಬೈಲ್ ಟವರ್ ಇರಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಉಪಗ್ರಹದ ಸಿಗ್ನಲ್ ನೇರವಾಗಿ ಫೋನಿಗೇ ಬರುತ್ತದೆ. ಮನೆಯಲ್ಲೇ ಮ್ಯಾಪ್ ಇಳಿಸಿಕೊಂಡು, ನೆಟ್‌ವರ್ಕ್ ಆಫ್ ಮಾಡಿ, ಒಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಒಂದು ದಿನ ಆರಾಮಾಗಿ ಕಳೆಯುತ್ತದೆ.

ಫೋನ್ ಸಾಲದು, ಬೇರೆಯದೇ ಜಿಪಿಎಸ್ ಬೇಕು ಅಂತ ನನಗೆ ಅನಿಸಿದ್ದು ಕುಮಾರ ಪರ್ವತದಲ್ಲಿ. ಅಕ್ಟೋಬರ್ ಕೊನೆ, ಹಿಂಗಾರು ಮಳೆ. ಶೇಷಪರ್ವತ ದಾಟಿದ ಮೇಲೆ ಮಂಜು ಎಷ್ಟು ಕವಿಯಿತು ಅಂದರೆ ಹತ್ತು ಹೆಜ್ಜೆ ಮುಂದಿದ್ದ ಗೆಳೆಯನ ಬ್ಯಾಗೂ ಕಾಣದ ಹಾಗಾಯಿತು. ಫೋನ್ ತೆಗೆದರೆ ಸ್ಕ್ರೀನ್ ಮೇಲೆ ಬಿದ್ದ ಹನಿಗಳನ್ನೇ ಬೆರಳು ಅಂದುಕೊಂಡು ಮ್ಯಾಪ್ ತಾನಾಗೇ ಓಡಾಡುತ್ತಿತ್ತು. ಒರೆಸಲು ಒಣ ಬಟ್ಟೆ ಯಾರ ಹತ್ತಿರವೂ ಇರಲಿಲ್ಲ. ಅರ್ಧ ಗಂಟೆ ಬಂಡೆಯ ಮರೆಯಲ್ಲಿ ಕೂತಿದ್ದು, ಮಂಜು ಸರಿದ ಮೇಲೆ ವಾಪಸ್ ಇಳಿದೆವು. ಈಗ ಯಾವ ಜಿಪಿಎಸ್ ನೋಡಿದರೂ ಆ ಅರ್ಧ ಗಂಟೆಯಲ್ಲಿ ಇದು ಕೈ ಹಿಡಿಯುತ್ತಿತ್ತಾ ಅಂತಲೇ ಕೇಳಿಕೊಳ್ಳುತ್ತೇನೆ.

ಹಾಗಾಗಿ ಮೊದಲು ಬಟನ್ ನೋಡಿ. ಪಶ್ಚಿಮ ಘಟ್ಟದಲ್ಲಿ ನಡೆಯುವವರಿಗೆ ಟಚ್ ಸ್ಕ್ರೀನ್ ಬೇಡ ಅನ್ನುವುದೇ ನನ್ನ ಮಾತು. ಒದ್ದೆ ಕೈಯಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗಲೂ ಬಟನ್ ಕೆಲಸ ಮಾಡುತ್ತದೆ. ಐಪಿಎಕ್ಸ್7 ಅಂತ ಬರೆದಿದೆಯಾ ನೋಡಿ. ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ ಅಂತ ಅದರ ಅರ್ಥ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಸ್ಕ್ರೀನ್ ನೋಡಿ ಒಪ್ಪಬೇಡಿ, ಹೊರಗೆ ಬಿಸಿಲಿಗೆ ತಂದು ನೋಡಿ.

ಆಮೇಲೆ ಸೆಲ್. ಪೆನ್ಸಿಲ್ ಸೆಲ್ ಹಾಕುವ ಮಾಡೆಲ್‌ಗಳು ನನಗೆ ಇಷ್ಟ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಎರಡಕ್ಕೂ ಎರಡೆರಡು ಸೆಲ್ ಸಾಕು, ಕಂಪನಿ ಹೇಳುವ ಲೆಕ್ಕ 25 ಗಂಟೆ. ಸೆಲ್ ಮುಗಿದರೆ ಬೇರೆ ಹಾಕಿ ನಡೆಯುವುದೇ, ಚಾರ್ಜರ್ ಹುಡುಕುವ ಕೆಲಸವಿಲ್ಲ. ಆದರೆ ಹಳ್ಳಿ ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ ನಂಬಬೇಡಿ. ಅದು ಗೋಡೆ ಗಡಿಯಾರಕ್ಕೆ ಸರಿ, ಜಿಪಿಎಸ್‌ನಲ್ಲಿ ಬೇಗ ಸೋತುಬಿಡುತ್ತದೆ. ಊರಿಂದಲೇ ಒಳ್ಳೆಯ ಆಲ್ಕಲೈನ್ ಅಥವಾ ರೀಚಾರ್ಜ್ ಮಾಡುವ ನಿಕಲ್ ಸೆಲ್ ಒಯ್ಯಿರಿ, ಯಾವ ಜಾತಿಯದು ಅಂತ ಮೆನುವಿನಲ್ಲಿ ಹೇಳಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅಂತ ಅದು ತಪ್ಪು ತೋರಿಸುತ್ತದೆ. ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 67ರಲ್ಲಿ ಒಳಗೇ ಬ್ಯಾಟರಿ ಇದೆ, 180 ಗಂಟೆ ಅನ್ನುತ್ತಾರೆ. ವಾರಗಟ್ಟಲೆ ಹಿಮಾಲಯಕ್ಕೆ ಹೋಗುವವರಿಗೆ ಸರಿ. ನಮ್ಮ ಎರಡು ದಿನದ ನಡಿಗೆಗೆ ಅಷ್ಟು ದುಡ್ಡು ಹಾಕುವುದು ಬೇಡ.

ಶೋಲಾ ಕಾಡಿನೊಳಗೆ, ಕಡಿದಾದ ಕಣಿವೆಯಲ್ಲಿ ಸಿಗ್ನಲ್ ಎಲೆಗೆ, ಬಂಡೆಗೆ ತಾಗಿ ಸುತ್ತಿ ಬಳಸಿ ಬರುತ್ತದೆ, ಆಗ ನಿಮ್ಮ ಜಾಗ ಹತ್ತಾರು ಮೀಟರ್ ಆಚೆ ಈಚೆ ಆಗಬಹುದು. ಎರಡು ತರಂಗಾಂತರ ಹಿಡಿಯುವ ಮಲ್ಟಿಬ್ಯಾಂಡ್ ಮಾಡೆಲ್‌ಗಳು ಇಲ್ಲಿ ಸ್ವಲ್ಪ ಮೇಲು, ಜಿಪಿಎಸ್‌ಮ್ಯಾಪ್ 65 ಅಂಥದ್ದು. ಮೇಲೆ ಮೊಟಕು ಕೋಲಿನಂತೆ ಆಂಟೆನಾ ಇದ್ದರೆ ನೆಟ್ಟಗೆ ಹಿಡಿಯಬೇಕು. ಇಟ್ರೆಕ್ಸ್ ಥರದ್ದನ್ನು ಮುಖ ಆಕಾಶಕ್ಕೆ ಮಾಡಿ ಹಿಡಿಯಬೇಕು. ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಸಿಗ್ನಲ್ ಇಲ್ಲ ಅಂದರೆ ಹೇಗೆ?

22ಎಕ್ಸ್ ಕೊಳ್ಳುವುದಾ 32ಎಕ್ಸ್ ಕೊಳ್ಳುವುದಾ ಅಂತ ಕೇಳಿದರೆ ನಾನು 32 ಅನ್ನುತ್ತೇನೆ. ಕಾರಣ ದಿಕ್ಸೂಚಿ. 22ರಲ್ಲಿ ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ಸರಿಯಾಗಿ ತೋರಿಸುತ್ತದೆ, ನಿಂತರೆ ಇಲ್ಲ. ಮಂಜಿನಲ್ಲಿ ಪ್ರಪಾತದ ಅಂಚಲ್ಲಿ ದಿಕ್ಕು ತಿಳಿಯಲು ಹತ್ತು ಹೆಜ್ಜೆ ನಡೆದು ನೋಡುವ ಹಾಗಿಲ್ಲ, ಅಲ್ವಾ? 32ರಲ್ಲಿ ನಿಂತಲ್ಲೇ ಗೊತ್ತಾಗುತ್ತದೆ. ಎತ್ತರ ಅಳೆಯಲು ಬ್ಯಾರೋಮೀಟರ್ ಕೂಡ ಇದೆ. ಅದು ಗಾಳಿಯ ಒತ್ತಡ ನೋಡಿ ಹೇಳುವುದರಿಂದ ಹವಾಮಾನ ಬದಲಾದರೆ ಲೆಕ್ಕವೂ ಜಾರುತ್ತದೆ, ಎತ್ತರ ಗೊತ್ತಿರುವ ಜಾಗದಲ್ಲಿ ಸರಿಮಾಡಿಕೊಳ್ಳಿ.

ಮ್ಯಾಪಿಗೆ ಸುಮ್ನೆ ದುಡ್ಡು ಕೊಡಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಮ್ಯಾಪ್‌ಗಳು ಉಚಿತವಾಗಿ ಸಿಗುತ್ತವೆ, ಜಿಪಿಎಸ್‌ನ ಮೆಮೊರಿ ಕಾರ್ಡಿಗೆ ಹಾಕಿಕೊಂಡರೆ ಆಯಿತು.

ಇದನ್ನು ಮಾತ್ರ ಗಮನವಿಟ್ಟು ಓದಿ. ಅಮೆರಿಕದಿಂದ ಬರುವ ಅಣ್ಣನಿಗೋ ಅತ್ತಿಗೆಗೋ ಒಂದು ಜಿಪಿಎಸ್ ತರಲು ಹೇಳುವ ಮುಂಚೆ ಮಾಡೆಲ್ ಹೆಸರು ಪೂರ್ತಿ ಬರೆದುಕೊಡಿ. ಜಿಪಿಎಸ್‌ಮ್ಯಾಪ್ 67 ಬೇರೆ, 67ಐ ಬೇರೆ. ಆ ಒಂದು ಅಕ್ಷರ ಇದ್ದರೆ ಅದರಲ್ಲಿ ಇನ್‌ರೀಚ್ ಇದೆ, ಅಂದರೆ ಇರಿಡಿಯಂ ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಜನರನ್ನು ತಡೆದು ಕೇಸ್ ಹಾಕಿದ್ದೂ ಇದೆ. ಸಿಗ್ನಲ್ ಬರೀ ಪಡೆಯುವ ಮಾಮೂಲಿ ಜಿಪಿಎಸ್ ಈ ಜಾತಿಯದಲ್ಲ.

ಜಮೀನು ಅಳೆಯಲು ಆಗುತ್ತದಾ ಅಂತ ಊರಲ್ಲಿ ಕೇಳುತ್ತಿರುತ್ತಾರೆ. ತೋಟದ ಅಂದಾಜು ಸಿಗುತ್ತದೆ, ಗಡಿ ಸಿಗುವುದಿಲ್ಲ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಬಯಲಲ್ಲೂ ಮೂರರಿಂದ ಐದು ಮೀಟರ್ ತಪ್ಪುವ ಯಂತ್ರ ಹಿಡಿದು ಪಕ್ಕದವರ ಜೊತೆ ಬೇಲಿ ಜಗಳಕ್ಕೆ ಹೋಗಬೇಡಿ.

ಕೊಂಡ ಮೇಲೆ ಮೊದಲ ದಿನವೇ ಬೆಟ್ಟಕ್ಕೆ ಒಯ್ಯಬೇಡಿ. ತಾರಸಿಯ ಮೇಲೆ ಹದಿನೈದು ಇಪ್ಪತ್ತು ನಿಮಿಷ ಆನ್ ಮಾಡಿಡಿ, ಉಪಗ್ರಹಗಳ ಪಟ್ಟಿ ಇಳಿಸಿಕೊಳ್ಳಲು ಅದಕ್ಕೆ ಸಮಯ ಬೇಕು. ಗಾಡಿ ನಿಲ್ಲಿಸಿದ ಜಾಗ ಗುರುತು ಹಾಕುವುದು, ಬಂದ ದಾರಿಯಲ್ಲೇ ವಾಪಸ್ ಹೋಗುವುದು, ಇವೆರಡನ್ನು ಪಾರ್ಕಿನಲ್ಲೋ ಕೆರೆ ಏರಿಯ ಮೇಲೋ ನಾಲ್ಕೈದು ಸಲ ಮಾಡಿ ರೂಢಿ ಮಾಡಿಕೊಳ್ಳಿ. ಅಕ್ಷಾಂಶ ರೇಖಾಂಶ ಯಾವ ರೂಪದಲ್ಲಿ ತೋರಿಸುತ್ತಿದೆ ಅಂತಲೂ ನೋಡಿ. 12.50 ಡಿಗ್ರಿ ಅಂದರೆ 12 ಡಿಗ್ರಿ 30 ನಿಮಿಷ. ಅದನ್ನು 12 ಡಿಗ್ರಿ 50 ನಿಮಿಷ ಅಂತ ಹಾಕಿದರೆ ನೀವು ಹೋಗಬೇಕಾದ ಜಾಗ ಸುಮಾರು 37 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತದೆ. ಗುಂಪಿನಲ್ಲಿ ಎಲ್ಲರೂ ಒಂದೇ ರೂಪ ಇಟ್ಟುಕೊಳ್ಳಿ, ಹೊರಡುವ ಹಿಂದಿನ ರಾತ್ರಿ ಒಬ್ಬರದ್ದನ್ನು ಇನ್ನೊಬ್ಬರು ಪಕ್ಕಪಕ್ಕ ಇಟ್ಟು ಓದಿ ನೋಡಿ.