ಕೊರಳ ಟೇಪನ್ನು ಮೊಳೆಗೆ ತೂಗುಹಾಕಿ ಹೊಲಿದ ಕಿರುಕೌದಿಗಳು

ಧಾರವಾಡದ ನನ್ನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮೂರು ಚೀಲಗಳಿದ್ದವು. 22 ವರ್ಷ ಕುಪ್ಪಸ ಹೊಲಿದು ಮಿಕ್ಕ ತುಂಡುಗಳೆಲ್ಲ ಅವುಗಳಲ್ಲಿ ಸೇರಿಕೊಂಡಿದ್ದವು: ಗುಳೇದಗುಡ್ಡದ ಖಣದ ಅಂಚುಗಳು, ಲೈನಿಂಗ್ ಬಟ್ಟೆಯ ಪಟ್ಟಿಗಳು, ತೋಳಿನ ಸುತ್ತು ಕತ್ತರಿಸಿದಾಗ ಬೀಳುವ ಅರ್ಧಚಂದ್ರಾಕಾರದ ಚೂರುಗಳು. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆನೇ ಹೊರತು, ಅವುಗಳಿಂದ ಏನಾದರೂ ಮಾಡಬೇಕೆಂಬ ಯೋಚನೆ ನನಗಿರಲಿಲ್ಲ.

ಮದುವೆಗೆ ಮುಂಚೆ ನಾನು ಕಸೂತಿ ಹಾಕುತ್ತಿದ್ದೆ. ಗೋಪುರ, ತೇರು, ತುಳಸಿ ಕಟ್ಟೆಗಳನ್ನು ಯಾರೂ ಗೆರೆ ಎಳೆದು ಕೊಡದೆಯೇ, ಬಟ್ಟೆಯ ಎಳೆ ಎಣಿಸುತ್ತ ಮೂಡಿಸುತ್ತಿದ್ದೆ. ಅಂಗಡಿ ಹಾಕಿದ ಮೇಲೆ ಅದು ನಿಂತಿತು. ಈಗ ಬರುವವರು ಫೋನಿನಲ್ಲಿ ಚಿತ್ರ ತೋರಿಸಿ ‘ಹೀಗೇ ಬೇಕ್ರಿ’ ಎನ್ನುತ್ತಾರೆ. ನಾನು ಅಳತೆ ತೆಗೆದುಕೊಂಡು ಹಾಗೆಯೇ ಹೊಲಿದುಕೊಡುತ್ತೇನೆ. ಕೈ ಚುರುಕಾಗಿಯೇ ಇತ್ತು, ಆದರೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ನಾನೇ ತೀರ್ಮಾನಿಸಿ ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ಹೋದರೆ ನೆನಪಾಗುತ್ತಿರಲಿಲ್ಲ. ಒಮ್ಮೆ ಖಾಲಿ ಬಟ್ಟೆ ಹಿಡಿದು ಕಸೂತಿಗೆ ಕುಳಿತಾಗ ಅರ್ಧ ಗಂಟೆ ಸೂಜಿಗೆ ದಾರ ಪೋಣಿಸಿಕೊಂಡು ಸುಮ್ಮನೆ ಕುಳಿತಿದ್ದೆ.

ಚೀಲಗಳನ್ನು ಬಿಚ್ಚಿ ಮೊದಲು ಹೊರಟದ್ದು ಹಾಸಿಗೆಯಗಲದ ಕೌದಿಗೆ. ನಮ್ಮ ಕಡೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು ಒತ್ತಾಗಿ ಹೊಲಿದರೆ ಅದೇ ಕೌದಿ. ಅಜ್ಜಿಯ ಪಕ್ಕ ಕುಳಿತು ಬಾಲ್ಯದಲ್ಲಿ ನಾನೂ ಹೊಲಿದಿದ್ದೇನೆ. ಆದರೆ ನನ್ನ ದೊಡ್ಡ ಕೌದಿ ಒಂದು ಮೊಳ ದಾಟುವಷ್ಟರಲ್ಲೇ ಬೇಸರ ತರಿಸಿತು. ಇಂತಿಷ್ಟು ದಿನದಲ್ಲಿ ಮುಗಿಸಬೇಕು, ಇಂಥವರಿಗೆ ಕೊಡಬೇಕು ಎಂದು ಮನಸ್ಸು ಲೆಕ್ಕ ಹಾಕತೊಡಗಿ, ಅದೂ ಗಿರಾಕಿಯ ಕೆಲಸವೇ ಆಗಿಬಿಟ್ಟಿತು. ಅದನ್ನು ಮಡಚಿಟ್ಟು, ಒಂದು ಗೇಣು ಉದ್ದ, ಒಂದು ಗೇಣು ಅಗಲದ ತುಂಡಿನಿಂದ ಮತ್ತೆ ಆರಂಭಿಸಿದೆ.

ಇದಕ್ಕೆ ಒಂದೇ ನಿಯಮ ಮಾಡಿಕೊಂಡೆ. ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ ಕೊರಳಲ್ಲಿನ ಟೇಪನ್ನು ತೆಗೆದು ಮೊಳೆಗೆ ತೂಗುಹಾಕುವುದು. ಆಮೇಲೆ ಏನನ್ನೂ ಅಳೆಯಬಾರದು, ಸೀಮೆಸುಣ್ಣದ ಗೆರೆಯನ್ನೂ ಎಳೆಯಬಾರದು. ಮಷೀನನ್ನು ಮುಟ್ಟಲಿಲ್ಲ, ಏಕೆಂದರೆ ಅದರ ಮುಂದೆ ಕುಳಿತ ಕೂಡಲೇ ನನಗೆ ಅವಸರ ಬರುತ್ತದೆ. ತುಂಡನ್ನು ಅದು ಬಿದ್ದ ಆಕಾರದಲ್ಲೇ ಬಳಸಲು ಪ್ರಯತ್ನಿಸಿದೆ. ತೋಳಿನ ಸುತ್ತಿನಿಂದ ಬಿದ್ದ ಅರ್ಧಚಂದ್ರದ ಚೂರುಗಳು ಹಾಗಿಟ್ಟರೆ ಗುಡ್ಡ, ಹೀಗಿಟ್ಟರೆ ಬಟ್ಟಲು; ಅವುಗಳನ್ನು ತಿರುಗಿಸಿ ನೋಡುತ್ತ ಒಂದು ಸಂಜೆ ಪೂರ್ತಿ ಕಳೆದದ್ದುಂಟು.

ಕೆಳಗಿನ ಪದರಕ್ಕೆ ತೊಳೆದು ಮೆದುವಾದ ಹಳೆಯ ಹತ್ತಿ ಸೀರೆ, ನಡುವೆ ಧೋತರದ ಒಂದೇ ಪದರ. ಎರಡು ಪದರ ಹಾಕಿದಾಗ, ತುಂಡುಗಳ ಅಂಚು ಮಡಚಿದ ಜಾಗದಲ್ಲಿ ದಪ್ಪ ಹೆಚ್ಚಾಗಿ ನನ್ನ ಎರಡು ಸೂಜಿಗಳು ಮುರಿದವು. ದಾರಕ್ಕೆ ಕಸೂತಿಯ ಆರೆಳೆ ದಾರದಿಂದ ಎರಡೆಳೆ ಬಿಡಿಸಿಕೊಂಡೆ. ಖಣ ಬೇಗ ಎಳೆ ಬಿಡುವ ಬಟ್ಟೆಯಾದ್ದರಿಂದ ಅದರ ಅಂಚನ್ನು ಮಾತ್ರ ಅರ್ಧ ಬೆರಳಿನಷ್ಟು ಒಳಗೆ ಮಡಚಬೇಕು. ಕಾಲು ಬೆರಳು ಮಡಚಿದ ಮೊದಲನೆಯ ತುಂಡು ಎರಡೇ ವಾರದಲ್ಲಿ ಗಡ್ಡ ಬಿಟ್ಟುಕೊಂಡು ನಿಂತಿತ್ತು.

ಹೊಲಿಯುವ ಕ್ರಮವನ್ನು ನಾನು ಕಲಿತದ್ದು ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ‘ಕವಂದಿ’ ಎಂಬ ಕೌದಿಯಿಂದ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಆ ಸಮುದಾಯದವರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಒಂದೊಂದೇ ತುಂಡನ್ನು ಅಂಚು ಮಡಚಿ ಇಡುತ್ತ, ಸುತ್ತಲೂ ಹೊಲಿಯುತ್ತ ನಡುವಿನ ಕಡೆಗೆ ಸರಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆ ಮಡಚಿ ಮಾಡಿದ ‘ಫುಲ’ ಇಡುತ್ತಾರೆ. ಈ ಕ್ರಮದಲ್ಲಿ ಪೂರ್ತಿ ಚಿತ್ರವನ್ನು ಮುಂಚಿತವಾಗಿ ನಿಶ್ಚಯಿಸುವ ಪ್ರಶ್ನೆಯೇ ಬರುವುದಿಲ್ಲ, ಪಕ್ಕದ ತುಂಡಿಗೆ ಮುಂದಿನದು ಯಾವುದು ಎಂದಷ್ಟೇ ಕೇಳಿಕೊಂಡರೆ ಸಾಕು. ಖಾಲಿ ಬಟ್ಟೆಯ ಮುಂದೆ ಕೈಕಟ್ಟಿ ಕುಳಿತಿದ್ದ ನನಗೆ ಬೇಕಾಗಿದ್ದದ್ದು ಇಷ್ಟು ಚಿಕ್ಕ ಪ್ರಶ್ನೆಯೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹೊಲಿಗೆ ಒತ್ತಾದಷ್ಟೂ ಬಟ್ಟೆ ಕುಗ್ಗುತ್ತದೆ, ನಡುಭಾಗ ಉಬ್ಬಿ ಬರುತ್ತದೆ. ಆದ್ದರಿಂದ ಕೆಳಪದರವನ್ನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ, ಪ್ರತಿ ಸಾಲಿಗೂ ನೆಲದ ಮೇಲಿಟ್ಟು ಅಂಗೈಯಿಂದ ಸವರುತ್ತಿದ್ದೆ.

ನಾಲ್ಕನೆಯದು ನನಗೆ ತೀರಾ ಹಿಡಿಸಿದ ಕೌದಿ. ಅವ್ವನ ಹರಿದ ಚಂದ್ರಕಾಳಿ ಸೀರೆಯ ಕಪ್ಪು ಒಡಲನ್ನು ಇಡೀ ಕೆಳಭಾಗಕ್ಕೆ ಹಾಕಿದಾಗ, ಅದು ಮುಂಗಾರಿನ ಎರೆಹೊಲದಂತೆ ಕಂಡಿತು. ಹಾಗೆ ಕಾಣಲೆಂದು ಇಟ್ಟದ್ದಲ್ಲ. ಕಂಡ ಮೇಲೆ ಮಾತ್ರ ಬಿಡಲಾಗಲಿಲ್ಲ. ಬಿಳಿ ದಾರದಲ್ಲಿ ಕೂರಿಗೆ ಸಾಲಿನಂತೆ ಉದ್ದುದ್ದ ಹೊಲಿದೆ. ಕೈ ಅಲುಗಿದ ಕಡೆ ಸಾಲು ಡೊಂಕಾಯಿತು, ಬಿಚ್ಚಲಿಲ್ಲ, ಎತ್ತು ತಿರುಗಿದ ಕಡೆ ಹೊಲದಲ್ಲಿಯೂ ಸಾಲು ಡೊಂಕಾಗಿಯೇ ಇರುತ್ತದೆ. ಮೇಲಿನ ಅಂಚಿಗೆ ಕೆಂಪು ದಡಿಯ ಸಣ್ಣ ಪಟ್ಟಿ. ಮೂಲೆಯೊಂದರಲ್ಲಿ ಕಸೂತಿಯ ಮುರಗಿ ಎಂಬ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಸಣ್ಣ ಗುಡಿ ಹಾಕಿದೆ. 20 ವರ್ಷಗಳ ಮೇಲೆ ಹಾಕಿದ ಮೊದಲ ಕಸೂತಿ ಅದು. ಎಳೆ ಎಣಿಸುವಾಗ ಕನ್ನಡಕ ಬೇಕಾಯಿತೆಂಬುದನ್ನು ಬಿಟ್ಟರೆ, ಕೈ ಏನನ್ನೂ ಮರೆತಿರಲಿಲ್ಲ.

ಐದನೆಯದು ಹಾಳಾಯಿತು. ಕೆಂಪು ಇಳಕಲ್ ಸೀರೆಯ ತುಂಡನ್ನು ಪರೀಕ್ಷಿಸದೆ ಬಿಳಿ ಖಾದಿಯ ಪಕ್ಕ ಇಟ್ಟು, ಮುಗಿದ ಮೇಲೆ ತೊಳೆದೆ, ಖಾದಿಯೆಲ್ಲ ಗುಲಾಬಿಯಾಯಿತು. ಅಂದಿನಿಂದ ಗಾಢ ಬಣ್ಣದ ಯಾವುದೇ ತುಂಡನ್ನು ಒದ್ದೆ ಬಿಳಿಯ ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ತಟ್ಟೆಯಡಿ ಒತ್ತಿಟ್ಟು ನೋಡಿದ ಮೇಲೆಯೇ ಬಳಸುತ್ತೇನೆ. ಅದೇ ಕೌದಿಯಲ್ಲಿ ದಡಿಯ ಭಾಗ ಒಂದು ಬಗೆಯಲ್ಲಿ, ಒಡಲ ಭಾಗ ಇನ್ನೊಂದು ಬಗೆಯಲ್ಲಿ ಕುಗ್ಗಿ ಸುಕ್ಕು ಬಿದ್ದಿತ್ತು. ನನ್ನ ಆ ಸೀರೆಯ ಒಡಲು ಹತ್ತಿಯದು, ದಡಿ ರೇಷ್ಮೆಯದು. ಎರಡನ್ನೂ ಒಟ್ಟಿಗೆ ನೀರಿಗೆ ಹಾಕಿದ್ದು ನನ್ನದೇ ತಪ್ಪು.

ಮುಗಿದವುಗಳನ್ನು ಅಂಗಡಿಯ ಗೋಡೆಗೆ ತೂಗುಹಾಕಿದೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಅಮೆರಿಕನ್ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗಿಸಿ ಪ್ರದರ್ಶಿಸಿತ್ತೆಂದು ಮಗಳು ಹೇಳಿದಾಗ ನನಗೆ ಧೈರ್ಯ ಬಂದದ್ದು ನಿಜ. ಅವ್ವನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಗೇಣಗಲದ ಕೌದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನ ಯಾರು ಹೊಚ್ಚಿಗೋಬೇಕವಾ, ಬೆಕ್ಕೇನು?’ ಎಂದಳು. ಮಾರನೆಯ ವಾರ ಎರೆಹೊಲದ ಕೌದಿ ಗೋಡೆಯಿಂದ ಕಾಣೆಯಾಗಿತ್ತು. ಹುಡುಕಿದರೆ ದೇವರ ಮನೆಯಲ್ಲಿ ಗಂಟೆಯ ಕೆಳಗೆ ಹಾಸಲ್ಪಟ್ಟಿತ್ತು. ಎಣ್ಣೆಯ ಕಲೆ ಬಿದ್ದಿದೆ, ಮರಳಿ ಕೇಳಿಲ್ಲ.

ಅಂಗಡಿಯ ಕೆಲಸ ಈಗಲೂ ಫೋನಿನ ಚಿತ್ರಗಳಂತೆಯೇ ನಡೆಯುತ್ತದೆ. ಆದರೆ ಕಳೆದ ತಿಂಗಳು ಒಬ್ಬ ಗಿರಾಕಿ ಚಿತ್ರ ತರದೆ ಬಂದು ‘ನಿಮಗ ತಿಳಿದ್ಹಂಗ ಹೊಲೀರಿ’ ಎಂದಾಗ ನಾನು ಗಾಬರಿಯಾಗಲಿಲ್ಲ. ಅವರ ಹಸಿರು ಕುಪ್ಪಸದ ಬೆನ್ನಿಗೆ ಮೂರು ಬಣ್ಣದ ಖಣದ ಚೂರುಗಳನ್ನು ಕೂಡಿಸಿ ಕೊಟ್ಟೆ. ಎರಡು ಚೀಲಗಳು ಬಹುಪಾಲು ಖಾಲಿಯಾಗಿವೆ. ಮೂರನೆಯದರಲ್ಲಿ ಬರೀ ಜಾರ್ಜೆಟ್ ಮತ್ತು ಸಾಟಿನ್ ಇದೆ. ಮಡಚಿದ ಅಂಚು ನಿಲ್ಲುವುದಿಲ್ಲ, ಹೊಲಿಯುವಾಗ ಬೆರಳಡಿಯಲ್ಲೇ ಜಾರುತ್ತದೆ. ಮೊನ್ನೆ ಒಂದು ಚೂರಿಗೆ ಅಕ್ಕಿಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಿಟ್ಟಿದ್ದೇನೆ. ಈ ಸಂಜೆ ಅದರ ಅಂಚು ಮಡಚಿ ನೋಡಬೇಕು.