ಟೊರಾಂಟೊ ಕೆರೆದಂಡೆಯ ಯಹೂದಿ ಸಂಗೀತೋತ್ಸವ: ಹೊಸದಾಗಿ ಬಂದ ಕನ್ನಡದವರಿಗೆ ಒಂದಿಷ್ಟು

ಟೊರಾಂಟೊಗೆ ಬಂದಿಳಿದವರಿಗೆ ನಾವು ಹಳಬರು ಒಪ್ಪಿಸುವ ಪಟ್ಟಿ ಎಲ್ಲರಿಗೂ ಗೊತ್ತು. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಸತ್ಯನಾರಾಯಣ ಪೂಜೆಗೆ ಭಟ್ಟರು ಯಾರು, ಚಳಿಗಾಲದ ಬೂಟು ಎಲ್ಲಿ ಅಗ್ಗ. ಅದರಾಚೆಗೆ ಊರನ್ನು ಹಚ್ಚಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಲ್ಲ. ಎಷ್ಟೋ ವರ್ಷ ಇಲ್ಲಿದ್ದು, ಆಫೀಸಿನವರನ್ನು ಬಿಟ್ಟರೆ ಕನ್ನಡದವರಲ್ಲದ ಒಬ್ಬರ ಮನೆಗೂ ಹೋಗದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅದಕ್ಕೆ ನನ್ನ ಸಲಹೆ ಒಂದೇ. ಎರಡು ವರ್ಷಕ್ಕೊಮ್ಮೆ, ಆಗಸ್ಟ್ ಕೊನೆಯಿಂದ ಲೇಬರ್ ಡೇವರೆಗೆ (ಇಲ್ಲಿ ಅದು ಸೆಪ್ಟೆಂಬರಿನ ಮೊದಲ ಸೋಮವಾರ), ಒಂಟಾರಿಯೊ ಸರೋವರದ ದಡದ ಹಾರ್ಬರ್‌ಫ್ರಂಟ್ ಸೆಂಟರಿನಲ್ಲಿ ಆಶ್ಕೆನಾಜ್ ಉತ್ಸವ ನಡೆಯುತ್ತದೆ. ಯಹೂದಿ ಸಂಗೀತದ ಹಬ್ಬ ಇದು. 1995ರಲ್ಲಿ ಶುರುವಾಯಿತು. ಬಹುಪಾಲು ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಕುರ್ಚಿ ಜೋಡಿಸುವುದರಿಂದ ಹಿಡಿದು ದಾರಿ ತೋರಿಸುವವರೆಗೆ ಬಹಳಷ್ಟು ಕೆಲಸ ವಾಲಂಟಿಯರ್‌ಗಳದ್ದು. ಸುಮ್ನೆ ನೋಡಿ ಬರಲು ಹೋಗಬೇಡಿ, ಕೆಲಸಕ್ಕೆ ಹೋಗಿ.

ಹೆಸರು ಕೊಡುವುದು ದೊಡ್ಡ ವಿಷಯವಲ್ಲ. ಬೇಸಿಗೆಯಲ್ಲಿ ಫಾರಂ ತುಂಬಿ, ಶಿಫ್ಟ್ ಆರಿಸಿಕೊಳ್ಳಿ. ಒಂಟಾರಿಯೊದಲ್ಲಿ ಹೈಸ್ಕೂಲ್ ಮುಗಿಸಲು ಮಕ್ಕಳು 40 ಗಂಟೆ ಸಮುದಾಯ ಸೇವೆ ಮಾಡಿರಬೇಕು. ಇಂಥ ಕಡೆ ಮಾಡಿದ ಕೆಲಸ ಅದಕ್ಕೆ ಲೆಕ್ಕಕ್ಕೆ ಬರುತ್ತದೆ. ಸಹಿ ಮಾತ್ರ ಅಲ್ಲೇ, ಆವತ್ತೇ ಹಾಕಿಸಿಕೊಳ್ಳಿ.

ಇಷ್ಟು ಸುಲಭ. ಕಷ್ಟದ ವಿಷಯ ಬೇರೆ ಇದೆ.

ನಾನು ಮೊದಲ ಸಲ ಹೋದಾಗ ಹೊಸ ಕಾರು ತಗೊಂಡು ವಾರವೂ ಆಗಿರಲಿಲ್ಲ. ದೇವಸ್ಥಾನದಲ್ಲಿ ವಾಹನ ಪೂಜೆ ಮಾಡಿಸಿದ್ದೆ. ಬಾನೆಟ್ ಮೇಲೆ ಅರಿಶಿನ ಕುಂಕುಮದಲ್ಲಿ ಬರೆದ ದೊಡ್ಡ ಸ್ವಸ್ತಿಕ ಹಾಗೇ ಇತ್ತು. ವಾಲಂಟಿಯರ್ ಟೀ ಶರ್ಟ್‌ನ ಪೆಟ್ಟಿಗೆಗಳನ್ನು ಇಳಿಸಲು ಕಾರನ್ನು ಸೀದಾ ಬಾಗಿಲ ಹತ್ತಿರ ತಂದು ನಿಲ್ಲಿಸಿದೆ. ಅಲ್ಲಿ ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು ಒಳಗೆ ಹೋಗಿಬಿಟ್ಟರು. ನನಗೆ ಏನೂ ಹೊಳೆಯಲಿಲ್ಲ. ಇನ್ನೊಬ್ಬ ವಾಲಂಟಿಯರ್ ಬಂದು, ಬಹಳ ಮೆತ್ತಗೆ, ಇದನ್ನು ಒರೆಸಬಹುದಾ ಎಂದು ಕೇಳಿದರು. ನಾನೇನು ಮಾಡಿದೆ ಗೊತ್ತಾ? ಒರೆಸುವ ಬದಲು ಭಾಷಣ ಬಿಗಿದೆ. ನಮ್ಮದು ಸಾವಿರಾರು ವರ್ಷದ ಮಂಗಳ ಚಿಹ್ನೆ, ನಾಜಿಗಳದ್ದು ಓರೆಯಾಗಿರುತ್ತೆ, ಇತ್ಯಾದಿ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಒದ್ದೆ ಬಟ್ಟೆ ತಂದುಕೊಟ್ಟರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಅಜ್ಜಿಗೆ ಅದರಿಂದ ಆಗಬೇಕಾದ್ದೇನು? ಯುರೋಪಿನಲ್ಲಿ 60 ಲಕ್ಷ ಯಹೂದಿಗಳನ್ನು ಕೊಂದರು. ಈ ಉತ್ಸವದಲ್ಲಿ ನಿಮ್ಮ ಪಕ್ಕ ಕೂತವರಲ್ಲಿ ಅಪ್ಪನ ಕಡೆಯವರು, ಅಮ್ಮನ ಕಡೆಯವರು ಯಾರೂ ಉಳಿಯದ ಮನೆಯವರು ಇರುತ್ತಾರೆ. ಮನೆ ಬಾಗಿಲಲ್ಲಿ, ದೇವರ ಕೋಣೆಯಲ್ಲಿ ಸ್ವಸ್ತಿಕ ಇಟ್ಟುಕೊಳ್ಳಿ, ಯಾರೂ ಬೇಡ ಅನ್ನಲ್ಲ. ಆವತ್ತಿನ ಮಟ್ಟಿಗೆ ಕಾರು, ಲಾಕೆಟ್, ಕೀ ಚೈನ್, ಮಗುವಿನ ಅಂಗಿ ಒಮ್ಮೆ ನೋಡಿಕೊಳ್ಳಿ. ವಾದಕ್ಕೆ ಬೇರೆ ಜಾಗ ಇದೆ.

ಹಾಗೇ ಇನ್ನೊಂದು. ನಮ್ಮೂರಲ್ಲಿ 'ನಮ್ಮಪ್ಪ ಒಳ್ಳೇ ಹಿಟ್ಲರ್', 'ಹೆಡ್ಮಾಸ್ಟರು ಹಿಟ್ಲರ್ ಥರ' ಅಂತ ನಗುತ್ತಾ ಹೇಳ್ತೀವಿ. ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿದೆ. ಅಲ್ಲಿ ಬೇಡ. ಇಸ್ರೇಲಿನ ಬಗ್ಗೆಯೂ ನೀವಾಗಿ ಮಾತು ತೆಗೆಯಬೇಡಿ, ಹೊಗಳುವುದಕ್ಕೂ ತೆಗೆಯಬೇಡಿ. ಟೊರಾಂಟೊದ ಯಹೂದಿಗಳೆಲ್ಲ ಒಂದೇ ಅಭಿಪ್ರಾಯದವರು ಎಂದುಕೊಳ್ಳುವುದು, ಕನ್ನಡಿಗರೆಲ್ಲ ಒಂದೇ ಪಕ್ಷಕ್ಕೆ ಓಟು ಹಾಕ್ತಾರೆ ಅಂದುಕೊಂಡ ಹಾಗೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದರೆ ಮುಖ ಗಂಟಿಕ್ಕಬೇಡಿ. ಯಾಕೆ ಮಾಡ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಊಟದ ವಿಷಯ. ಬರಿಗೈಲಿ ಹೋಗಬಾರದು ಅಂತ ನಮ್ಮವರು ಕೋಡುಬಳೆ ಡಬ್ಬಿ ಹಿಡಿದೇ ಹೊರಡುತ್ತಾರೆ. ಹಂಚಿಕೊಳ್ಳುವ ಮೇಜಿನ ಮೇಲೆ ಅದನ್ನು ಕೇಳದೆ ಇಡಬೇಡಿ. ಕೋಷರ್ ಎಂಬ ಯಹೂದಿ ಆಹಾರ ನಿಯಮ ಪಾಲಿಸುವವರಿಗೆ ಅಡುಗೆಮನೆ, ಪಾತ್ರೆ ಎಲ್ಲವೂ ಮುಖ್ಯ. ನಿಮ್ಮ ಮನೆ ಎಷ್ಟೇ ಶುದ್ಧ ಸಸ್ಯಾಹಾರಿಯಾಗಿದ್ದರೂ ಅವರ ಲೆಕ್ಕವೇ ಬೇರೆ. ಮಡಿ ಗೊತ್ತಿರುವ ನಮಗೆ ಇದು ಅರ್ಥವಾಗಬೇಕು, ಅಲ್ವಾ? ಹೆಚ್ಚದ ಹಣ್ಣು ಒಯ್ಯಿರಿ. ಇಲ್ಲವೇ ಸಿಒಆರ್ (COR) ಅಥವಾ ಎಂಕೆ (MK) ಎಂಬ ಕೋಷರ್ ಗುರುತಿನ ಸೀಲ್ ಪ್ಯಾಕೆಟ್ ಒಯ್ಯಿರಿ. ಇನ್ನು ನಮಗೆ ಬೇಕಾದ ಎಚ್ಚರಿಕೆ: 'ಪಾರ್ವ' ಎಂದು ಬರೆದಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ ಎಂದರ್ಥ. ಆದರೆ ಮೊಟ್ಟೆ, ಮೀನು ಎರಡೂ ಪಾರ್ವ ಲೆಕ್ಕಕ್ಕೇ ಸೇರುತ್ತವೆ. ಸಸ್ಯಾಹಾರಿಗಳು ಸಣ್ಣಕ್ಷರ ಓದಿಯೇ ತಿನ್ನಿ.

ಶುಕ್ರವಾರ ಸೂರ್ಯ ಮುಳುಗುವ ಹೊತ್ತಿನಿಂದ ಶನಿವಾರ ಕತ್ತಲಾಗುವವರೆಗೆ ಅವರ ವಾರದ ವಿಶ್ರಾಂತಿ ದಿನ, ಶಬ್ಬಾತ್. ಆಗ ಕಟ್ಟುನಿಟ್ಟಿನವರು ಫೋನ್ ಮುಟ್ಟಲ್ಲ. ಮೆಸೇಜಿಗೆ ಉತ್ತರ ಬರಲಿಲ್ಲ ಅಂತ ಮೇಲಿಂದ ಮೇಲೆ ಕಳಿಸಬೇಡಿ. ಕೆಲವು ಗಂಡಸರು ಹೆಂಗಸರ, ಕೆಲವು ಹೆಂಗಸರು ಗಂಡಸರ ಕೈ ಕುಲುಕುವುದಿಲ್ಲ. ನಮಸ್ಕಾರ ಸಾಕು.

ಇನ್ನು ಸಂಗೀತ. ಇದಕ್ಕಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಕ್ಲೆಜ್ಮರ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮದುವೆಮನೆಯ ಸಂಗೀತ. ಪಿಟೀಲು, ಕ್ಲಾರಿನೆಟ್, ಅಕಾರ್ಡಿಯನ್, ಜೊತೆಗೆ ಕೋಲಿನಿಂದ ಬಾರಿಸುವ ತ್ಸಿಂಬಲ್. ತ್ಸಿಂಬಲ್ ನೋಡಿದರೆ ಸಂತೂರ್ ನೆನಪಾಗದೆ ಇರಲ್ಲ. ನನ್ನ ಮಗಳು ಕರ್ನಾಟಕ ಶೈಲಿಯ ಪಿಟೀಲು ಕಲಿತವಳು. ಬೇರೆಯವರ ಸಂಗೀತ ನಮಗ್ಯಾಕೆ ಎಂದು ಗೊಣಗುತ್ತಲೇ ವರ್ಕ್‌ಶಾಪಿಗೆ ಬಂದಳು. ಸ ಪ ಸ ಪ ಶ್ರುತಿಯ ತಂತಿಗಳನ್ನು ಅವರ ಶ್ರುತಿಗೆ ಬಿಗಿಯಲು ಹತ್ತು ನಿಮಿಷ ಹಿಡಿಯಿತು. ಕಾಗದ ಇಲ್ಲ, ಪುಸ್ತಕ ಇಲ್ಲ. ಮೇಷ್ಟರು ಒಂದು ಸಾಲು ನುಡಿಸುತ್ತಾರೆ, ಎಲ್ಲರೂ ತಿರುಗಿ ನುಡಿಸಬೇಕು. ನಮ್ಮ ಪಾಠದ ಪದ್ಧತಿಯೇ. ಮೂರನೆಯ ಸಾಲಿಗೆ ಅವಳು ನನ್ನ ಕಡೆ ತಿರುಗಿ, "ಅಪ್ಪಾ, ಇದು ಹೇಮವತಿ ರಾಗದ ಸ್ವರ" ಎಂದಳು. ನಿಜ. ಅವರು ಮಿ ಶೆಬೆರಾಖ್ ಎನ್ನುವ ಧಾಟಿಯ ಸ್ವರಗಳು ನಮ್ಮ 58ನೇ ಮೇಳವಾದ ಹೇಮವತಿಯವೇ. ಅವರಲ್ಲಿ ಇನ್ನೂ ಹೆಚ್ಚು ಕೇಳಿಬರುವ ಫ್ರೈಗಿಶ್ ಧಾಟಿ ನಮ್ಮ ವಕುಳಾಭರಣ ರಾಗದ ಸ್ವರಗಳನ್ನೇ ಹಿಡಿಯುತ್ತದೆ. ಸ್ವರ ಒಂದೇ ಆದರೂ ನಡೆ ಬೇರೆ. ನಮ್ಮ ಗಮಕದ ಜಾಗದಲ್ಲಿ ಅವರ ಕ್ರೆಖ್ತ್ಸ್ ಇದೆ. ಸ್ವರದ ಕೊನೆಯಲ್ಲಿ ಗಂಟಲು ಕಟ್ಟಿದ ಹಾಗೆ ಒಂದು ಸಣ್ಣ ಬಿಕ್ಕು. ಮಗಳಿಗೆ ಅದು ಆವತ್ತು ಬರಲಿಲ್ಲ. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ತಾತನಿಗೂ ಬರಲಿಲ್ಲ. ಇಬ್ಬರೂ ನಗುತ್ತಾ ಅದನ್ನೇ ಉಜ್ಜುತ್ತಿದ್ದರು.

ಕುಣಿತಕ್ಕೆ ಕರೆದರೆ ಫೋನ್ ಜೇಬಿಗೆ ಹಾಕಿ ಒಳಗೆ ಹೋಗಿ. ಫ್ರೈಲೆಖ್ಸ್ ವೃತ್ತದ ಕುಣಿತ, ಹೆಜ್ಜೆ ತಪ್ಪಿದರೂ ಪಕ್ಕದವರು ಎಳೆದುಕೊಂಡು ಹೋಗುತ್ತಾರೆ. ಶೇರ್ ಎಂಬ ಇನ್ನೊಂದು ಕುಣಿತಕ್ಕೆ ನಾಲ್ಕು ಜೋಡಿ ಬೇಕು. ಅಲ್ಲಿ ಹೆಜ್ಜೆ ತಪ್ಪಿದರೆ ಎಂಟೂ ಜನ ಡಿಕ್ಕಿ.

ಇದೆಲ್ಲ ಅಜ್ಜ ಅಜ್ಜಿಯಿಂದ ತಾನಾಗಿ ಇಳಿದು ಬಂದದ್ದು ಅಂದುಕೊಳ್ಳಬೇಡಿ. ಯುದ್ಧಕ್ಕೆ ಮುಂಚೆ ಒಂದು ಕೋಟಿಗೂ ಹೆಚ್ಚು ಜನ ಯಿಡ್ಡಿಶ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಭಾಷೆ, ಆಡುತ್ತಿದ್ದರು. ಹತ್ಯಾಕಾಂಡದಲ್ಲಿ ಸತ್ತವರಲ್ಲಿ ಹೆಚ್ಚಿನವರ ಮನೆಮಾತು ಅದೇ. ಅಮೆರಿಕ, ಕೆನಡಾಗಳಿಗೆ ಮೊದಲೇ ಬಂದವರ ಮನೆಗಳಲ್ಲಿ ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮಕ್ಕಳು ಮುಂದೆ ಬರಲಿ ಅಂತ ಅಪ್ಪ ಅಮ್ಮನೇ ಇಂಗ್ಲಿಷಿಗೆ ಹೊರಳಿದರು. ಟೊರಾಂಟೊದ ಕೆನ್ಸಿಂಗ್ಟನ್ ಮಾರ್ಕೆಟ್ ಒಂದು ಕಾಲಕ್ಕೆ ಯಹೂದಿ ಸಂತೆ. ಈಗ ಕೀವರ್, ಆನ್ಶೆ ಮಿನ್ಸ್ಕ್ ಎಂಬ ಎರಡು ಹಳೆ ಸಿನಗಾಗ್‌ಗಳು (ಯಹೂದಿ ಪ್ರಾರ್ಥನಾಮಂದಿರಗಳು) ಅಲ್ಲಿ ಉಳಿದಿವೆ. 1970ರ ದಶಕದಲ್ಲಿ ಮೊಮ್ಮಕ್ಕಳ ತಲೆಮಾರು ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ, ಕೇಳಿ ಕೇಳಿ ನುಡಿಸಲು ಕಲಿಯಿತು. ಯುಕ್ರೇನಿನಿಂದ 1921ರಲ್ಲಿ ನ್ಯೂಯಾರ್ಕಿಗೆ ಬಂದಿದ್ದ ಕ್ಲಾರಿನೆಟ್ ವಾದಕ ಡೇವ್ ತಾರಾಸ್ ಇನ್ನೂ ಬದುಕಿದ್ದರು. ಈ ಮೊಮ್ಮಕ್ಕಳು ಕಲಿಯಲು ಅವರ ಹತ್ತಿರ ಹೋಗಿ ಕೂತರು. 1985ರಲ್ಲಿ ನ್ಯೂಯಾರ್ಕಿನ ಬೆಟ್ಟಸೀಮೆಯಲ್ಲಿ ಕ್ಲೆಜ್‌ಕ್ಯಾಂಪ್, 1996ರಲ್ಲಿ ಮಾಂಟ್ರಿಯಲ್ ಬಳಿ ಕ್ಲೆಜ್‌ಕನಡಾ ಶುರುವಾದವು. ಮಗುವಿನಿಂದ ಮುದುಕರವರೆಗೆ ಒಂದೇ ಶಿಬಿರ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನಮ್ಮ ಮನೆಯೇ ಕಣ್ಮುಂದೆ ಬಂತು. ಮಗಳಿಗೆ ಹೇಮವತಿ ಗೊತ್ತಾಗುತ್ತೆ. ಊರಿಂದ ಫೋನ್ ಮಾಡುವ ಅಜ್ಜಿಗೆ ಎರಡು ವಾಕ್ಯ ಪೂರ್ತಿ ಕನ್ನಡದಲ್ಲಿ ಹೇಳಲು ಬರಲ್ಲ. ಅದಕ್ಕೆ ಅವಳನ್ನು ದೂರುವಂತಿಲ್ಲ. ಶಾಲೆಯಲ್ಲಿ ಹಿಂದೆ ಬೀಳಬಾರದು ಅಂತ ಮನೆಯಲ್ಲೂ ಇಂಗ್ಲಿಷ್ ಶುರುಮಾಡಿದ್ದು ನಾವೇ.

ಆ ಉತ್ಸವದಲ್ಲಿ ಮಕ್ಕಳ ಕೈಗೆ ಕೆಲಸ ಕೊಡುತ್ತಾರೆ. ಕೇಬಲ್ ಸುತ್ತುವ, ಮೈಕ್ ಇಡುವ, ಹಾಡುಗಾರರನ್ನು ಕರೆತರುವ ಕೆಲಸ. ನಮ್ಮ ಕಾರ್ಯಕ್ರಮಗಳಲ್ಲಿ ಮಕ್ಕಳು ಸಿನಿಮಾ ಹಾಡಿಗೆ ಕುಣಿದು, ಫೋಟೊಗೆ ನಿಂತು, ಆಮೇಲೆ ಬೇಸ್‌ಮೆಂಟಿನಲ್ಲಿ ಐಪ್ಯಾಡ್ ಹಿಡಿದು ಕೂರುತ್ತಾರೆ. ಈ ಸಲದ ರಾಜ್ಯೋತ್ಸವಕ್ಕೆ ಧ್ವನಿ ವ್ಯವಸ್ಥೆ ಪೂರ್ತಿ ಹೈಸ್ಕೂಲ್ ಮಕ್ಕಳಿಗೇ ಬಿಡೋಣ ಅಂತ ಕಮಿಟಿಯಲ್ಲಿ ಕೇಳಿದೆ. ಬಾಡಿಗೆ ಸ್ಪೀಕರ್ ಹಾಳಾದರೆ ಯಾರು ಕೊಡ್ತಾರೆ ಎಂದರು. ಡಿಪಾಸಿಟ್ ನಾನೇ ಕಟ್ತೀನಿ ಅಂತ ಹೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.