ಎರಡು ಗಂಟೆಯ ಪಾಳಿ: ಭದ್ರಾವತಿಯ ಫೋಟೊ ತೆಗೆದ ನನ್ನ ಅನುಭವ

ಭದ್ರಾವತಿಯ ಫೋಟೊಗಳನ್ನು ತೆಗೆಯಲು ನಾನು ಆರಂಭಿಸಿದ್ದು 2016ರ ಫೆಬ್ರುವರಿಯಲ್ಲಿ. ಅದಕ್ಕೆ ಕೆಲವೇ ತಿಂಗಳು ಹಿಂದೆ ಊರಿನ ಕಾಗದ ಕಾರ್ಖಾನೆಯಲ್ಲಿ ಯಂತ್ರಗಳು ನಿಂತಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯನ್ನು ಊರಿನವರು ಎಂಪಿಎಂ ಎಂದೇ ಕರೆಯುತ್ತಾರೆ. ಅದಕ್ಕಿಂತ ಹಳೆಯದಾದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಅಂದರೆ ವಿಐಎಸ್‌ಎಲ್, ಆಗಲೇ ಕುಂಟುತ್ತಾ ನಡೆದಿತ್ತು. ನನ್ನ ಸೋದರಮಾವ ಅದರ ಫೌಂಡ್ರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದವರು. ಬೇಸಿಗೆ ರಜೆಯೆಂದರೆ ನನಗೆ ಅವರ ಕ್ವಾರ್ಟರ್ಸು, ಭದ್ರಾ ನದಿ ಮತ್ತು ಕಾರ್ಖಾನೆಯ ಸೈರನ್ನು.

ಮೊದಲ ಸಲ ಹೋದಾಗ ಮೂರು ದಿನ ಊರೆಲ್ಲ ಸುತ್ತಿ ಇನ್ನೂರಕ್ಕೂ ಹೆಚ್ಚು ಫೋಟೊಗಳನ್ನು ತೆಗೆದೆ. ಹೊಗೆಯಿಲ್ಲದ ಚಿಮಣಿ, ತುಕ್ಕು ಹಿಡಿದ ಗೇಟು, ಗಾಜೊಡೆದ ಕಿಟಕಿ, ಮನುಷ್ಯರಿಲ್ಲದ ರಸ್ತೆ ಎಲ್ಲವೂ ಅದರಲ್ಲಿದ್ದವು. ಅವುಗಳಲ್ಲಿ ಆಯ್ದ ನಲವತ್ತನ್ನು ಪ್ರಿಂಟ್ ಹಾಕಿಸಿ ಮಾವನ ಮುಂದೆ ಹರಡಿದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನಿಧಾನವಾಗಿ ನೋಡಿದರು. "ಚೆನ್ನಾಗಿವೆ ಕಣೋ. ಆದ್ರೆ ಇದ್ರಲ್ಲಿ ನಮ್ಮೂರು ಎಲ್ಲಿದೆ? ತುಕ್ಕು ಹಿಡಿದ ಗೇಟು ಎಲ್ಲಾ ಊರಲ್ಲೂ ಇರುತ್ತೆ" ಎಂದರು. ಆಮೇಲೆ ಖಾಲಿ ರಸ್ತೆಯ ಚಿತ್ರವನ್ನು ಕೈಗೆತ್ತಿಕೊಂಡು, ಅದನ್ನು ತೆಗೆದದ್ದು ಎಷ್ಟು ಗಂಟೆಗೆ ಎಂದು ಕೇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ಎಂದೆ. "ಹನ್ನೊಂದಕ್ಕೆ ಈ ರಸ್ತೆ ಯಾವತ್ತು ತುಂಬಿತ್ತು? ಆವಾಗ ನಾವೆಲ್ಲ ಒಳಗಿರ್ತಿದ್ವಿ. ಎರಡು ಗಂಟೆಗೆ ಹೋಗಿ ನಿಂತು ನೋಡು."

ಕಾರ್ಖಾನೆಯಲ್ಲಿ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಗಂಟೆಗೆ ಪಾಳಿ ಬದಲಾಗುತ್ತಿತ್ತು. ಎರಡು ಗಂಟೆಗೆ ಸೈರನ್ ಕೂಗಿದಾಗ ಗೇಟಿನೊಳಗಿಂದ ಹೊರಬರುವ ಸೈಕಲ್ಲುಗಳೂ ಒಳಹೋಗುವ ಸೈಕಲ್ಲುಗಳೂ ಸೇರಿ ರಸ್ತೆ ದಾಟಲು ಆಗುತ್ತಿರಲಿಲ್ಲ ಎಂಬುದು ನನಗೂ ಮಸುಕಾಗಿ ನೆನಪಿದೆ. ಮರುದಿನ ಎರಡು ಗಂಟೆಗೆ ಅದೇ ರಸ್ತೆಯ ಅಂಚಿನಲ್ಲಿ ನಿಂತೆ. ಒಂಬತ್ತು ಸೈಕಲ್ಲು, ಕೆಲವು ಬೈಕುಗಳು, ನಡೆದು ಹೋದವರು ಹತ್ತಿಪ್ಪತ್ತು ಮಂದಿ. ಹನ್ನೊಂದು ಗಂಟೆಯ ಚಿತ್ರಕ್ಕಿಂತ ಈ ಚಿತ್ರದಲ್ಲಿ ಜನ ಹೆಚ್ಚಿದ್ದರು, ಆದರೂ ನಿಜವಾಗಿ ಖಾಲಿಯಾದ ರಸ್ತೆ ಕಾಣಿಸಿದ್ದು ಇದರಲ್ಲೇ. ತುಂಬಿರಬೇಕಾದ ಹೊತ್ತಿನಲ್ಲಿ ತೆಗೆದರೆ ಮಾತ್ರ ಖಾಲಿತನಕ್ಕೆ ಅರ್ಥವಿರುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಯಾವ ಛಾಯಾಗ್ರಾಹಕರೂ ಅಲ್ಲ, ಫೌಂಡ್ರಿಯಲ್ಲಿ ಅಚ್ಚು ಹಾಕುತ್ತಿದ್ದ ನನ್ನ ಮಾವ.

ಅಂದಿನಿಂದ ಕೆಲಸದ ರೀತಿಯನ್ನೇ ಬದಲಿಸಿಕೊಂಡೆ. ಊರಿನಲ್ಲಿ ಒಂಬತ್ತು ಜಾಗಗಳನ್ನು ಗುರುತು ಮಾಡಿಕೊಂಡು, ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಒಮ್ಮೆ ಮತ್ತು ಶ್ರಾವಣದಲ್ಲಿ ಒಮ್ಮೆ, ಅದೇ ಜಾಗದಲ್ಲಿ ಅದೇ ಗಂಟೆಗೆ ನಿಂತು ಅದೇ ಚೌಕಟ್ಟನ್ನು ತೆಗೆಯುವುದೆಂದು ತೀರ್ಮಾನಿಸಿದೆ. ಆ ಜಾಗಗಳಲ್ಲಿ ಭದ್ರಾ ಸೇತುವೆ, ಉಕ್ಕಿನ ಕಾರ್ಖಾನೆಯ ಗೇಟಿನ ಎದುರು, ನ್ಯೂಟೌನಿನ ಒಂದು ಕ್ವಾರ್ಟರ್ಸ್ ಸಾಲು, ಕಾಗದ ಕಾರ್ಖಾನೆಯವರ ಬಡಾವಣೆಯಾದ ಪೇಪರ್ ಟೌನಿನ ಎರಡು ಬೀದಿಗಳು, ರೈಲು ನಿಲ್ದಾಣ ಮತ್ತು ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯದ ಬಳಿಯ ಅಂಗಡಿ ಸಾಲು ಸೇರಿವೆ. ಹೊಯ್ಸಳರ ಕಾಲದ ಆ ದೇವಾಲಯವನ್ನು ಸೇರಿಸಿಕೊಂಡದ್ದಕ್ಕೆ ಕಾರಣವಿದೆ. ಕಾರ್ಖಾನೆಗಳು ಬರುವ ಮೊದಲೂ ಇಲ್ಲಿ ಬೆಂಕಿಪುರವೆಂಬ ಊರಿತ್ತು, ಜನರಿದ್ದರು. ಕಾರ್ಖಾನೆಯೊಂದಿಗೇ ಊರು ಹುಟ್ಟಿತು, ಕಾರ್ಖಾನೆಯೊಂದಿಗೇ ಮುಗಿಯುತ್ತದೆ ಎಂಬಂತೆ ನನ್ನ ಚಿತ್ರಗಳು ಹೇಳಬಾರದಿತ್ತು.

ಕಾರ್ಖಾನೆಯ ಒಳಗೆ ಹೋಗುವ ಪ್ರಯತ್ನವನ್ನು ನಾನು ಮಾಡಲೇ ಇಲ್ಲ. ಒಳಗಿನ ಯಂತ್ರಗಳ ಚಿತ್ರಗಳು ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ನನಗೆ ಬೇಕಾಗಿದ್ದದ್ದು ಊರು, ಮತ್ತು ಅದು ಗೇಟಿನ ಹೊರಗಿತ್ತು.

ಅದೇ ಜಾಗದಲ್ಲಿ ಮತ್ತೆ ನಿಲ್ಲುವುದು ಕೇಳಿದಷ್ಟು ಸುಲಭವಲ್ಲ. ಮೊಬೈಲಿನ ಜಿಪಿಎಸ್ ತೋರಿಸುವ ಜಾಗ ಕೆಲವು ಅಡಿಗಳಷ್ಟು ಹೆಚ್ಚು ಕಡಿಮೆಯಾಗುತ್ತದೆ, ಚಿತ್ರದಲ್ಲಿ ಅಷ್ಟು ವ್ಯತ್ಯಾಸವೇ ಸಾಕು ಎಲ್ಲ ಕೆಡಲು. ಹಾಗಾಗಿ ನಾನು ಪ್ರತಿಯೊಂದು ಚೌಕಟ್ಟಿನಲ್ಲೂ ಹತ್ತಿರದ ಒಂದು ವಸ್ತುವನ್ನೂ ದೂರದ ಒಂದು ವಸ್ತುವನ್ನೂ ಜೋಡಿ ಮಾಡಿಕೊಳ್ಳುತ್ತೇನೆ. ಗೇಟಿನ ಎದುರಿನ ಚಿತ್ರದಲ್ಲಿ ರಸ್ತೆಬದಿಯ ದೀಪದ ಕಂಬದ ಎಡ ಅಂಚು, ಹಿಂದಿರುವ ಚಿಮಣಿಯ ಬಲ ಅಂಚಿಗೆ ಸರಿಯಾಗಿ ತಾಗಬೇಕು. ಒಂದು ಹೆಜ್ಜೆ ಎಡಕ್ಕೆ ಸರಿದರೂ ಅವೆರಡರ ನಡುವೆ ಆಕಾಶ ಕಾಣುತ್ತದೆ, ಬಲಕ್ಕೆ ಸರಿದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಹಿಂದಿನ ಸಲದ ಪ್ರಿಂಟನ್ನು ಕೈಯಲ್ಲಿ ಹಿಡಿದು, ಮೊದಲು ಈ ಜೋಡಿಯನ್ನು ಕೂಡಿಸಿ, ಆಮೇಲೆ ಚಿತ್ರದ ನಾಲ್ಕು ಮೂಲೆಗಳನ್ನು ತಾಳೆ ನೋಡುತ್ತೇನೆ. ಮರ ಬೆಳೆಯುತ್ತದೆ, ಗೋಡೆಗೆ ಹೊಸ ಬಣ್ಣ ಬರುತ್ತದೆ, ಕಂಬವನ್ನು ಕಿತ್ತು ಬೇರೆಡೆ ನೆಡುತ್ತಾರೆ. ಆದ್ದರಿಂದ ಒಂದು ಚೌಕಟ್ಟಿಗೆ ಇಂಥ ಮೂರು ಜೋಡಿಗಳಾದರೂ ಇರಬೇಕು. ಟ್ರೈಪಾಡಿನ ಕಾಲುಗಳ ಮೇಲೆ ಎತ್ತರವನ್ನು ಬಣ್ಣದಲ್ಲಿ ಗುರುತು ಹಾಕಿದ್ದೇನೆ. ಒಂಬತ್ತೂ ಜಾಗಗಳಿಗೆ 35 ಎಂಎಂ ಲೆನ್ಸ್ ಒಂದೇ. ಇನ್ನೂ ಅಗಲವಾದ ಲೆನ್ಸ್ ಹಾಕಿದರೆ ಬೀದಿ ಇರುವುದಕ್ಕಿಂತ ದೊಡ್ಡದಾಗಿ, ಬೀದಿಯಲ್ಲಿರುವ ಮನುಷ್ಯ ಇರುವುದಕ್ಕಿಂತ ಚಿಕ್ಕವನಾಗಿ ಕಾಣುತ್ತಾನೆ. ಇಲ್ಲದ ಅನಾಥತನವನ್ನು ಲೆನ್ಸು ಸೃಷ್ಟಿಸಬಾರದು.

ಮೊದಲ ವರ್ಷ ಕಪ್ಪುಬಿಳುಪಿನಲ್ಲಿ ತೆಗೆದೆ, ಎರಡನೆಯ ವರ್ಷ ಅದನ್ನು ಪೂರ್ತಿ ಬಿಟ್ಟೆ. ಕಪ್ಪುಬಿಳುಪು ಇಂದಿನ ಬೀದಿಯನ್ನೂ ಎಪ್ಪತ್ತು ವರ್ಷ ಹಿಂದಿನದೆಂಬಂತೆ ತೋರಿಸಿಬಿಡುತ್ತದೆ. ಪೇಪರ್ ಟೌನಿನ ಒಂದು ಚಿತ್ರವನ್ನು ಎರಡೂ ಬಗೆಯಲ್ಲಿ ಪಕ್ಕಪಕ್ಕದಲ್ಲಿಟ್ಟಾಗ ಇದು ನನಗೆ ಮನದಟ್ಟಾಯಿತು. ಕಪ್ಪುಬಿಳುಪಿನಲ್ಲಿ ಅದು ಪಾಳುಬಿದ್ದ ಕ್ವಾರ್ಟರ್ಸುಗಳ ಸಾಲು. ಬಣ್ಣದಲ್ಲಿ ನೋಡಿದರೆ ಮೂರನೆಯ ಮನೆಯ ಮುಂದೆ ಹಸಿರು ಪ್ಲಾಸ್ಟಿಕ್ ಕೊಡ, ತಂತಿಯ ಮೇಲೆ ಶಾಲೆಯ ನೀಲಿ ಸಮವಸ್ತ್ರ, ಮೊರದಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿ. ಆ ಮನೆಯಲ್ಲಿ ಸಂಸಾರವೊಂದು ನಡೆಯುತ್ತಿತ್ತು, ನನ್ನ ಮೊದಲ ಚಿತ್ರ ಅದನ್ನು ಅಳಿಸಿಹಾಕಿತ್ತು.

ಆ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಯಜಮಾನರು ಕಾಗದ ಯಂತ್ರದ ಮೇಲೆ ಕೆಲಸ ಮಾಡಿದವರು. ಅಕ್ಕಪಕ್ಕದ ಮನೆಗಳವರು ಸ್ವಯಂನಿವೃತ್ತಿ ತೆಗೆದುಕೊಂಡು ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಿದ್ದರು. ಖಾಲಿಯಾದ ಮನೆಗಳ ಅಂಗಳದಲ್ಲಿ ಲಂಟಾನ ಎದೆಯೆತ್ತರ ಬೆಳೆದಿತ್ತು, ಆದರೆ ಈ ಅಜ್ಜಿಯ ಎರಡೂ ಬದಿಯ ಅಂಗಳಗಳು ಗುಡಿಸಿದಂತೆ ಚೊಕ್ಕಟವಾಗಿದ್ದವು. ಕೇಳಿದಾಗ, "ನಾನೇ ಕಡೀತೀನಿ ತಮ್ಮಾ, ಹಾವು ಬರಬಾರದಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರು ಯಾವತ್ತಾದ್ರೂ ಬಂದು ನೋಡಿದ್ರೆ ಮನೆ ಮನೆ ಥರ ಇರ್ಬೇಕಲ್ಲ" ಎಂದರು. ಕೈಯಲ್ಲಿದ್ದ ಕುಡುಗೋಲಿನ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ಅವರ ಚಿತ್ರವನ್ನು ಆ ದಿನ ನಾನು ತೆಗೆಯಲಿಲ್ಲ. ಆರು ತಿಂಗಳ ನಂತರ, ಬೀದಿಯ ಪ್ರಿಂಟನ್ನು ಅವರ ಕೈಗೆ ಕೊಟ್ಟಾದ ಮೇಲೆ, ಅವರೇ ಕರೆದು ಬಾಗಿಲಲ್ಲಿ ನಿಂತರು. ಅಲ್ಲಿಂದ ಮುಂದೆ ನಾನು ಪಾಲಿಸುತ್ತಾ ಬಂದ ಕ್ರಮವೂ ಇದೇ: ಮೊದಲ ಭೇಟಿಯಲ್ಲಿ ಯಾರ ಮುಖವನ್ನೂ ತೆಗೆಯುವುದಿಲ್ಲ, ಎರಡನೆಯ ಸಲ ಪ್ರಿಂಟಿನೊಂದಿಗೆ ಹೋಗುತ್ತೇನೆ.

ಪ್ರಿಂಟ್ ಕೊಡುವುದರಿಂದ ನನಗಾದ ಲಾಭ ಇನ್ನೂ ದೊಡ್ಡದು. ಜನ ನನ್ನ ತಪ್ಪುಗಳನ್ನು ತಿದ್ದಿದರು. ಒಂದು ಹಳೆಯ ಕಟ್ಟಡದ ಕಿಟಕಿಗೆ ಗಾಜಿಲ್ಲದ್ದನ್ನು ನೋಡಿ ನಾನು ನಿರ್ಲಕ್ಷ್ಯದ ಗುರುತೆಂದು ಬರೆದುಕೊಂಡಿದ್ದೆ. ನಿವೃತ್ತ ಫಿಟರ್ ಒಬ್ಬರು ಪ್ರಿಂಟ್ ನೋಡಿದ ಕೂಡಲೇ, "ಅದು ಒಡೆದದ್ದಲ್ಲ ಸಾರ್, ಬಿಸಿಗಾಳಿ ಹೊರಗೆ ಹೋಗ್ಲಿ ಅಂತ ನಾವೇ ತೆಗೆದದ್ದು" ಎಂದರು. ಕಾರ್ಖಾನೆ ಭರಾಟೆಯಲ್ಲಿದ್ದಾಗಿನ ಗುರುತನ್ನು ನಾನು ಅವನತಿಯ ಗುರುತೆಂದು ಓದಿದ್ದೆ. ಅಂದಿನಿಂದ, ಕೆಲಸ ಮಾಡಿದವರೊಬ್ಬರಿಗೆ ತೋರಿಸದೆ ಯಾವ ಚಿತ್ರಕ್ಕೂ ಅಡಿಬರಹ ಬರೆಯುವುದಿಲ್ಲ. ಅಡಿಬರಹದಲ್ಲಿ ಜಾಗ, ದಿನಾಂಕ, ಗಂಟೆ, ಮತ್ತು ಆ ಜಾಗದ ಬಗ್ಗೆ ಅಲ್ಲಿನವರು ಆಡಿದ ಒಂದು ಮಾತು ಇರುತ್ತದೆ. "ಶಿಥಿಲ", "ಮೌನ", "ಸ್ಮಶಾನ" ಮುಂತಾದ ಪದಗಳನ್ನು ಬಳಸುವುದಿಲ್ಲ.

ಆ ಪದಗಳಿಂದ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. 2018ರಲ್ಲಿ ಒಂದು ಪತ್ರಿಕೆಗೆ ಆರು ಚಿತ್ರಗಳನ್ನು ಕೊಟ್ಟಿದ್ದೆ. ನನ್ನ ಅಡಿಬರಹಗಳನ್ನು ತೆಗೆದು, ಇದು ಸತ್ತ ಊರು ಎಂಬ ಅರ್ಥದ ತಲೆಬರಹ ಹಾಕಿ ಅಚ್ಚು ಮಾಡಿದರು. ಮುಂದಿನ ಭೇಟಿಯಲ್ಲಿ ಗೇಟಿನ ಎದುರಿನ ಹೋಟೆಲಿನವರು ನನಗೆ ಟೀ ಕೊಟ್ಟರು, ಮಾತಾಡಲಿಲ್ಲ. ಅವರ ಮಗಳಿಗೆ ಆಗ ಗಂಡು ನೋಡುತ್ತಿದ್ದರಂತೆ. ಸತ್ತ ಊರಿನ ಹೋಟೆಲ್ಲೆಂದು ಸುದ್ದಿಯಾದರೆ ಸಂಬಂಧ ಬೆಳೆಸಲು ಯಾರು ಬರುತ್ತಾರೆ? ಆ ನೋವಿಗೆ ನನ್ನ ಚಿತ್ರ ಕಾರಣವಾಯಿತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಅಡಿಬರಹ ಬದಲಿಸಬಾರದೆಂದು ಬರಹದಲ್ಲಿ ಒಪ್ಪಿಗೆ ಪಡೆಯದೆ ಅಲ್ಲಿಂದೀಚೆಗೆ ಯಾರಿಗೂ ಚಿತ್ರ ಕೊಟ್ಟಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಮಲೆನಾಡಿನ ಅಂಚಿನ ಈ ಊರಿನಲ್ಲಿ ಶ್ರಾವಣದ ಮೋಡದ ಬೆಳಕು ನೆರಳಿಲ್ಲದೆ ಹರಡುವುದರಿಂದ ಗೋಡೆಯ ಮೇಲಿನ ಪಾಚಿ, ಹೆಂಚಿನ ಬಿರುಕು, ಹೊಸ ಸುಣ್ಣ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಫೆಬ್ರುವರಿಯ ಬಿಸಿಲಿನಲ್ಲಿ ಕಾಣುವುದು ಜನ. ಇವೆರಡೂ ಬೇಕು. ಕಪ್ಪು ಮೋಡ ಕವಿದ ಚಿತ್ರಗಳನ್ನು ಮಾತ್ರ ಆಯ್ದು ತೋರಿಸುವ ಆಸೆ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಲೆನ್ಸಿನೊಳಗೆ ಬೂಷ್ಟು ಬೆಳೆಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದನ್ನು ಒಂದು ಲೆನ್ಸ್ ಕಳೆದುಕೊಂಡ ಮೇಲೆ ಕಲಿತೆ.

2023ರ ಜನವರಿಯಲ್ಲಿ ನಾನು ನಿಗದಿಯ ತಿಂಗಳಿಗಿಂತ ಮೊದಲೇ ಹೋದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಆ ತಿಂಗಳು ಹೊರಬಿದ್ದಿತ್ತು. 1923ರ ಜನವರಿಯಲ್ಲಿ ಕುಲುಮೆ ಉರಿಯಲು ಆರಂಭಿಸಿದ ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಿಲು ಸೇರಿಸಿ ಇಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಆರಂಭದ ನಷ್ಟದ ವರ್ಷಗಳಲ್ಲಿ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ನಿಂತು ಅದನ್ನು ನೆಲೆಗೊಳಿಸಿದರು. ಆಮೇಲೆ ಉಕ್ಕು ಬಂತು, ಸಿಮೆಂಟ್ ಬಂತು. 1998ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ, ಸ್ವಂತ ಅದಿರಿಲ್ಲದ ಸಣ್ಣ ಕಾರ್ಖಾನೆ ದೊಡ್ಡ ಉಕ್ಕು ಕಾರ್ಖಾನೆಗಳ ಎದುರು ನಿಲ್ಲುವುದು ಕಷ್ಟವಾಯಿತು. ಈ ಕಾರಣಗಳನ್ನೆಲ್ಲ ನನಗೆ ಚೆನ್ನಾಗಿ ಬಿಡಿಸಿ ಹೇಳಿದವರು ಗೇಟಿನ ಮುಂದೆ ಧರಣಿ ಕೂತಿದ್ದ ಗುತ್ತಿಗೆ ಕಾರ್ಮಿಕರು.

ಆ ದಿನ ಎರಡು ಗಂಟೆಗೆ ನನ್ನ ಮಾಮೂಲಿ ಜಾಗದಲ್ಲಿ ನಿಂತಾಗ, ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಚೌಕಟ್ಟು ಜನರಿಂದ ತುಂಬಿತ್ತು. ಶಾಮಿಯಾನ, ಬ್ಯಾನರು, ಚಾಪೆಯ ಮೇಲೆ ಬುತ್ತಿ ಬಿಚ್ಚಿ ಕೂತವರು. ಒಬ್ಬರ ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಪಾಳಿಯ ಹೊತ್ತಿಗೆ ಮನೆಯಿಂದ ಹೊರಡುವ ಅಭ್ಯಾಸ ತಪ್ಪಬಾರದೆಂದು ಹೆಂಡತಿ ದಿನಾ ಕಟ್ಟಿಕೊಡುತ್ತಾಳೆ ಎಂದು ಅವರು ಹೇಳಿದರು. ಅಲ್ಲಿಯವರೆಗೆ ಆ ಜಾಗದಲ್ಲಿ ತೆಗೆದ ಹದಿನೈದು ಚಿತ್ರಗಳ ಸಾಲಿನಲ್ಲಿ ಈ ಒಂದನ್ನು ನೋಡಿದವರು ಊರು ಚೇತರಿಸಿಕೊಂಡಿತೆಂದೇ ತಿಳಿಯುತ್ತಾರೆ. ಅಡಿಬರಹ ಇಲ್ಲದಿದ್ದರೆ ಚಿತ್ರ ಎಷ್ಟು ದೊಡ್ಡ ಸುಳ್ಳು ಹೇಳಬಲ್ಲದು ಎಂಬುದಕ್ಕೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಆ ವರ್ಷವೇ ಕೆಲವು ತಿಂಗಳ ನಂತರ ಕಾರ್ಖಾನೆಯಲ್ಲಿ ಉಕ್ಕಿನ ಸರಳುಗಳನ್ನು ತಯಾರಿಸುವ ಬಾರ್ ಮಿಲ್ ಮತ್ತೆ ಆರಂಭವಾಯಿತು. ಆಗ ತೆಗೆದ ಚಿತ್ರದಲ್ಲಿ ಧರಣಿಯ ದಿನಕ್ಕಿಂತ ಜನ ಬಹಳ ಕಡಿಮೆ, ಆದರೆ ಅವರು ಗೇಟಿನ ಒಳಗೆ ಹೋಗುತ್ತಿದ್ದಾರೆ.

ಕಳೆದ ಸಲ ಹೋದಾಗ ಗೇಟಿನ ಎದುರಿನ ದೀಪದ ಕಂಬ ಇರಲಿಲ್ಲ. ರಸ್ತೆ ಕೆಲಸಕ್ಕಾಗಿ ಕಿತ್ತು, ಆಚೆಗೆ ಹೊಸದನ್ನು ನೆಟ್ಟಿದ್ದರು. ಹಳೆಯ ಪ್ರಿಂಟ್ ಹಿಡಿದು ಹಿಂದೆ ಮುಂದೆ ನಡೆಯುತ್ತಿದ್ದಾಗ, ಪಕ್ಕದ ಸೈಕಲ್ ಶಾಪಿನವರು ಕೈಯೊರೆಸಿಕೊಳ್ಳುತ್ತಾ ಹೊರಗೆ ಬಂದರು. ನಾನು ಏನು ಹುಡುಕುತ್ತಿದ್ದೇನೆಂದು ಅವರಿಗೆ ಹೇಳಬೇಕಾಗಲಿಲ್ಲ. ನೇರವಾಗಿ ಚರಂಡಿಯ ಅಂಚಿಗೆ ನಡೆದು, ಚಪ್ಪಲಿಯಿಂದ ಮಣ್ಣು ಸರಿಸಿ, ಕಾಂಕ್ರೀಟಿನಲ್ಲಿ ಉಳಿದಿದ್ದ ಕಂಬದ ಬುಡವನ್ನು ತೋರಿಸಿದರು. "ಇಲ್ಲಿತ್ತು. ನಾನು ನಿಂತ್ಕೋತೀನಿ, ನೀವು ಅಳತೆ ನೋಡ್ಕಳಿ" ಎಂದು ಕಂಬವಿದ್ದ ಜಾಗದಲ್ಲಿ ನೆಟ್ಟಗೆ ನಿಂತರು. ಅವರ ಎಡ ಭುಜದ ಅಂಚನ್ನು ಚಿಮಣಿಯ ಬಲ ಅಂಚಿಗೆ ಕೂಡಿಸಿ, ಎರಡು ಗಂಟೆಯಾಗುವವರೆಗೆ ಇಬ್ಬರೂ ಕಾದೆವು.